ಇಪ್ಪತ್ತೆಂಟು ಸೇರು

ಅನ್ಸರ್ ಪಾಷಾನ ಹಳೇ ಎಸ್ಟೀಮಿನ ಡಿಕ್ಕಿಯಲ್ಲಿ
ಎಡ ಚಕ್ರದ ಹಿಂದೆ ಒಂದು ಮೂಲೆ,
ಜಾಕಿಗೂ ಬೇಡ, ಸ್ಟೆಪ್ನಿಗೂ ಬೇಡ.
"ಅಲ್ಲೇ ಕೂರ್ಸು ಚೌಡಪ್ಪಾ,
ಮಿಕ್ಕ ಜಾಗದಾಗೆ ಎರಡು ಕ್ರೇಟು ಬಾದಾಮಿ ಹಿಡೀಬೇಕು" ಅಂದ.
ಚೌಕದ ಪೆಟ್ಟಿಗೆಯಾದರೆ ಬಡಗಿಗೆ ಅರ್ಧ ದಿನ.
ಈ ಮೂಲೆಗೆ ಚೌಕವೇ ಗೊತ್ತಿಲ್ಲ,
ಅದರ ಅಳತೆಯನ್ನು ಅದರ ಮೈಮೇಲೇ ತೆಗೆಯಬೇಕು.

ಮೊದಲು ಟೇಪು, ತಗಡು ಕಾಣದ ಹಾಗೆ,
ಸುಟ್ಟ ಕೈಗೆ ಬಟ್ಟೆ ಸುತ್ತುವಷ್ಟು ನಿಧಾನ.
ಮೇಲೆ ಪರೋಟ ಸುತ್ತುವ ಬೆಳ್ಳಿ ಕಾಗದ.
ಆಮೇಲೆ ಗಾಜಿನ ಚಾಪೆ: ನೋಡಲು ಹತ್ತಿ,
ಮುಟ್ಟಿದರೆ ತುರಚಿ ಸೊಪ್ಪಿನ ತಂಗಿ.

ಮೇ ತಿಂಗಳ ಶ್ರೀನಿವಾಸಪುರ.
ಮಾವಿನ ಲಾರಿಗಳು ರಸ್ತೆಯನ್ನೇ ನುಂಗಿವೆ.
ರೆಸಿನ್ನಿಗೆ ಹಾರ್ಡನರ್ ಎಷ್ಟು ಹನಿ ಅಂತ
ಡಬ್ಬದ ಮೇಲೆ ಬರೆದವನು ಈ ಬಿಸಿಲು ಕಂಡವನಲ್ಲ.
ಮೊದಲ ಮಗ್ಗು ಕಲಕುತ್ತಿದ್ದ ಹಾಗೇ ಹೊಗೆಯಾಡಿ
ಬ್ರಷ್ಷನ್ನು ಕಚ್ಚಿಕೊಂಡು ಕಲ್ಲಾಯಿತು.
ಹನಿ ಕಡಿಮೆ ಮಾಡಿದೆ. ಬೆಳಗಿನ ಐದಕ್ಕೆ ಎದ್ದೆ.
ಮಂಡಿಯಲ್ಲಿ ಹರಾಜಿನ ಕೂಗು ಏಳುವಷ್ಟರಲ್ಲಿ ಮೂರು ಪದರ.

ಸ್ಪೀಕರ್ ಕೂರುವ ಮರದ ಬಳೆಯನ್ನು
ಮೂರು ಕಡ್ಡಿಗಳ ಮೇಲೆ ತುಸು ಓರೆ ನಿಲ್ಲಿಸಿ
ಬಳೆಯಿಂದ ಚಿಪ್ಪಿನ ಅಂಚಿಗೆ ಬಟ್ಟೆ ಎಳೆದೆ.
ಆ ಆಕಾರ ನಾನು ಮಾಡಿದ್ದಲ್ಲ, ಬಿಗಿತ ಮಾಡಿದ್ದು.
ಹಾಲು ಕುಡಿದ ಕರುವಿನ ಪಕ್ಕೆ.
ಅದಕ್ಕೂ ರೆಸಿನ್ ಕುಡಿಸಿದೆ.

ಇಪ್ಪತ್ತೆಂಟು ಲೀಟರ್ ಗಾಳಿ ಬೇಕು
ಅನ್ನುತ್ತದೆ ಸ್ಪೀಕರಿನ ಚೀಟಿ.
ನೀರು ಸುರಿದರೆ ಮರದ ಬಳೆ ಊದುತ್ತದೆ.
ದೊಡ್ಡಮ್ಮ ಪಿಳ್ಳಮ್ಮ ರಾಗಿ ಮೂಟೆ ತಂದಳು,
ಹಿತ್ತಾಳೆ ಸೇರು ತಂದಳು.
ಸೇರಿಗೂ ಲೀಟರಿಗೂ ಅಷ್ಟೇನೂ ಜಗಳವಿಲ್ಲ.
ಕನ್ನಡದಲ್ಲಿ ಬೈಯುತ್ತಾಳೆ, ತೆಲುಗಲ್ಲಿ ಎಣಿಸುತ್ತಾಳೆ:
ಲಾಭಂ, ರೆಂಡು, ಮೂಡು...
ನಾನು ಟೇಪಿನ ಮೇಲೆ ಗೀರು ಹಾಕುತ್ತ ಹೋದೆ.
ಇಪ್ಪತ್ತೇಳು ಗೀರಿಗೇ ಬಾಯಿ ತುಂಬಿತು.
"ಒಂದು ಕಡಿಮೆ ಬಂತಲ್ಲ ದೊಡ್ಡಮ್ಮಾ!"
"ಲಾಭಾನ ಲೆಕ್ಕಕ್ಕೇ ಹಿಡೀಲಿಲ್ವೇನೋ ಮಂಕೇ,
ಅದಕ್ಕೇ ನಿನ್ನ ಅಂಗಡಿ ಹಿಂಗಿರೋದು."

ತಿರುಗಿ ಮೂಟೆಗೆ ಸುರಿಯುವಾಗ ಕೇಳಿದಳು,
ಇದನ್ನು ನಾಳೆ ಮಿಷನ್ನಿಗೆ ಹಾಕಿಸಲೇ ಅಂತ.
ಮೊಣಕೈವರೆಗಿನ ಕೆಂಪು ದದ್ದು ತೋರಿಸಿದೆ.
ಗಾಜು, ಅಂದೆ.
ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ.
ಎಷ್ಟು ಮುದ್ದೆ ಅಂತ ಅವಳು ಲೆಕ್ಕ ಹಾಕುತ್ತಿದ್ದುದು
ತುಟಿಯಲ್ಲಿ ಕಾಣುತ್ತಿತ್ತು.
ಆಮೇಲೆ ಮೂಟೆಯ ಬಾಯಿ ಕಟ್ಟಿ ಎದ್ದಳು:
"ಬಿತ್ತಾಕೆ ಆಯ್ತದೆ ಬಿಡು. ಮಣ್ಣಿಗೆ ತುರಿಸಲ್ಲ."

ಪುಟ್ಟಿ, ಉಜ್ಜು, ಪುಟ್ಟಿ, ಉಜ್ಜು.
ಮೂಗಿನಲ್ಲಿ ನಾಲ್ಕು ದಿನ ಬಿಳಿ ಪುಡಿ.
ಬೂದು ಕಾರ್ಪೆಟ್ ಅಂಟಿಸಿ, ಎಂಟು ಸ್ಕ್ರೂ ಬಿಗಿದು
ಹಾಡಲ್ಲ, ಬರೀ ಮೂವತ್ತೈದು ಹರ್ಟ್ಸ್ ಸದ್ದು ಬಿಟ್ಟೆ.
ಕಿವಿಗೆ ಹೆಚ್ಚೇನಿಲ್ಲ.
ನಂಬರ್ ಪ್ಲೇಟಿಗೆ ಮೊದಲು ಕೇಳಿಸಿತು,
ಆಮೇಲೆ ನನ್ನ ದವಡೆ ಹಲ್ಲಿಗೆ.
ಅನ್ಸರ್ ಎದೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತ.
ಅದರೊಳಗೆ, ಚಿರ್.
ಮತ್ತೆ, ಚಿರ್.

ಅವನನ್ನು ಟೀಗೆ ಕಳಿಸಿ ಎಂಟೂ ಸ್ಕ್ರೂ ಬಿಚ್ಚಿದೆ.
ಟಾರ್ಚ್ ಬಿಟ್ಟು ನೋಡಿದರೆ
ಎರಡು ಪದರ ಸೇರುವ ಮಡಿಕೆಯಲ್ಲಿ ಒಂದು ರಾಗಿ ಕಾಳು.
ಚಿಮಟ ಹಿಡಿದವನು ತಡೆದೆ.
ಗುಡಾಣವನ್ನು ದೊಡ್ಡಮ್ಮ ಯಾವತ್ತೂ ಪೂರ್ತಿ ಬರಿದು ಮಾಡಿದವಳಲ್ಲ,
ತಳದಲ್ಲಿ ಒಂದು ಹಿಡಿ ಇರಲೇಬೇಕು.
ಒಂದು ತೊಟ್ಟು ರೆಸಿನ್ ಬಿಟ್ಟೆ ಅದರ ಮೇಲೆ.
ಗಟ್ಟಿಯಾಗುವವರೆಗೂ ಊದುತ್ತ ಕೂತೆ,
ಊದುವುದರಿಂದ ಏನೂ ಆಗುವುದಿಲ್ಲ ಅಂತ ಗೊತ್ತಿದ್ದೂ.
ಚಿರ್ ಹೋಯಿತು. ಯಾರಿಗೂ ಹೇಳಲಿಲ್ಲ.

ಈಗ ಹೊಗಳಗೆರೆ ದಾರಿಯ ಹೊಲದಲ್ಲಿ ಪೈರು ಗೇಣುದ್ದ.
ಉಳಿದ ಬೀಜ ಅಕ್ಕಪಕ್ಕದ ನಾಲ್ಕು ಹೊಲಕ್ಕೂ ಹೋಯಿತು.
ಎಸ್ಟೀಮು ಇನ್ನೂ ತಿರುವಿನಾಚೆ ಇರುವಾಗಲೇ
ಅಂಗಾಲಿಗೆ ತಿಳಿಯುತ್ತದೆ.
ಕಳೆ ಕೀಳುವ ಪಿಳ್ಳಮ್ಮ ತಲೆ ಎತ್ತುವುದಿಲ್ಲ:
"ಬಂತು ನೋಡು ನನ್ನ ರಾಗಿ ಡಬ್ಬ.
ಸೇರಿನ ಬಾಡಿಗೆ ಇನ್ನೂ ಕೊಟ್ಟಿಲ್ಲ ಅವನು."